ಸೆಮಿಮೆಟಲ್ ಹರಳಿನ ಟೋಪಾಲಜಿ ಗೊತ್ತುಮಾಡಲು ಯಾವ ಪ್ರಯೋಗ ಹಿಡಿಯಬೇಕು?

ಕುಲುಮೆಯಿಂದ ಹೊಸ ಹರಳು ಹೊರಬಂದಿದೆ. ಎಕ್ಸ್-ರೇಯಲ್ಲಿ ರಚನೆ ಸರಿಯಾಗಿ ಕಾಣುತ್ತಿದೆ. ಥಿಯರಿ ಕಡೆಯವರು ಬ್ಯಾಂಡ್ (ಯಾವ ಸಂವೇಗದಲ್ಲಿ ಎಲೆಕ್ಟ್ರಾನಿಗೆ ಎಷ್ಟು ಶಕ್ತಿ ಎಂಬ ಗೆರೆ) ಲೆಕ್ಕ ಹಾಕಿ, ಇದು ವೈಲ್ ಸೆಮಿಮೆಟಲ್, ಅಂದರೆ ಬ್ಯಾಂಡುಗಳು ಬಿಡಿ ಬಿಂದುಗಳಲ್ಲಿ ಮುಟ್ಟುವ ಟೋಪಾಲಜಿಕಲ್ ಹರಳು, ಇರಬಹುದು ಅಂದಿದ್ದಾರೆ. ಅದನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ? ಬೆಳಕಿನಿಂದ ಎಲೆಕ್ಟ್ರಾನ್ ಹೊರಡಿಸಿ ಬ್ಯಾಂಡ್ ಚಿತ್ರ ತೆಗೆಯುವ ಆರ್‌ಪೆಸ್‌ಗೆ ಅರ್ಜಿ ಹಾಕುವುದಾ? ಪಿಪಿಎಂಎಸ್‌ನಲ್ಲಿ (ಹರಳನ್ನು ತಣಿಸಿ ಕಾಂತಕ್ಷೇತ್ರದಲ್ಲಿ ಅಳೆಯುವ ಯಂತ್ರ) ಕೂರಿಸಿ ಕ್ವಾಂಟಮ್ ಆಂದೋಲನ ನೋಡುವುದಾ? ಕಾಂತಕ್ಷೇತ್ರದ ದಿಕ್ಕಿನಲ್ಲೇ ಕರೆಂಟ್ ಹರಿಸಿ ರೆಸಿಸ್ಟೆನ್ಸ್ ಇಳಿಯುತ್ತದಾ ಅಂತ ಕಾಯುವುದಾ? ಇಲ್ಲ, ಎಸ್‌ಟಿಎಂ (ಚೂಪು ಸೂಜಿಯಿಂದ ಮೇಲ್ಮೈಯ ಪರಮಾಣುಗಳನ್ನು ನೋಡುವ ಸೂಕ್ಷ್ಮದರ್ಶಕ) ಇರುವವರ ಬಾಗಿಲು ತಟ್ಟುವುದಾ?

ಸಾಮಾನ್ಯವಾಗಿ ಲ್ಯಾಬಿನಲ್ಲಿ ಯಾವ ಯಂತ್ರ ಇದೆಯೋ ಅದರಲ್ಲೇ ಕೆಲಸ ಶುರುವಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆ ಯಂತ್ರ ಉತ್ತರಿಸುವ ಪ್ರಶ್ನೆ ಒಂದು, ನಾವು ಪೇಪರಿನಲ್ಲಿ ಹೇಳಿಕೊಳ್ಳುವುದು ಇನ್ನೊಂದು ಆದಾಗ ತೊಂದರೆ. ಆಯ್ಕೆಗೆ ನಾನು ಇಟ್ಟುಕೊಂಡಿರುವ ಅಳತೆ ಸರಳ. ಹರಳು ಟೋಪಾಲಜಿಕಲ್ ಅಲ್ಲದೇ ಹೋದರೆ ಈ ಪ್ರಯೋಗ ‘ಅಲ್ಲ’ ಅಂತ ಹೇಳಬಲ್ಲದಾ? ಹೇಳಲಾರದು ಅಂದರೆ ಅದರ ‘ಹೌದು’ಗೂ ಹೆಚ್ಚು ಬೆಲೆ ಇಲ್ಲ.

ಅಳೆಯಬೇಕಾದ್ದು ಏನು

ಸಂವೇಗದ ನಕ್ಷೆಯಲ್ಲಿ ಎರಡು ಬ್ಯಾಂಡುಗಳು ಒಂದೇ ಬಿಂದುವಿನಲ್ಲಿ ಮುಟ್ಟಿಕೊಂಡಿವೆ ಅಂದುಕೊಳ್ಳಿ. ಆ ಬಿಂದುವಿನ ಸುತ್ತ ಚಿಕ್ಕದೊಂದು ಗೋಳ ಬರೆದು, ಅದರ ಮೇಲೆ ಬೆರ್ರಿ ಫ್ಲಕ್ಸ್ (ವೇವ್‌ಫಂಕ್ಷನ್ ಎಷ್ಟು ತಿರುಚಿಕೊಂಡಿದೆ ಎಂಬ ಅಳತೆ) ಕೂಡಿಸಿದಾಗ +1 ಅಥವಾ −1 ಬಂದರೆ ಅದು ವೈಲ್ ನೋಡ್, ಆ ಸಂಖ್ಯೆಯೇ ನೋಡಿನ ಚಾರ್ಜ್. ಇದು ಒಂಟಿಯಾಗಿ ಇರುವುದಿಲ್ಲ. ಅದೇ ನಕ್ಷೆಯಲ್ಲಿ ಎಲ್ಲೋ ಇನ್ನೊಂದು ಕಡೆ ಇದಕ್ಕೆ ಎದುರು ಚಿಹ್ನೆಯ ಜೊತೆಗಾರ ಇರಲೇಬೇಕು. ಇನ್ವರ್ಷನ್ (ಹರಳನ್ನು ಒಂದು ಬಿಂದುವಿನ ಮೂಲಕ ತಲೆಕೆಳಗು ಮಾಡಿದರೂ ಹಾಗೇ ಇರುವುದು) ಮತ್ತು ಟೈಮ್ ರಿವರ್ಸಲ್ (ಕಾಲವನ್ನು ಹಿಂದಕ್ಕೆ ಓಡಿಸಿದರೂ ಹಾಗೇ ಇರುವುದು) ಎರಡೂ ಸಮ್ಮಿತಿ ಉಳಿದಿದ್ದರೆ ಎರಡು ಚಿಹ್ನೆಗಳೂ ಒಂದರ ಮೇಲೊಂದು ಕೂತು ಡಿರಾಕ್ ಸೆಮಿಮೆಟಲ್ ಆಗುತ್ತದೆ. ಸೋಡಿಯಮ್ ಬಿಸ್ಮಥೈಡ್ ಮತ್ತು ಕ್ಯಾಡ್ಮಿಯಮ್ ಆರ್ಸೆನೈಡ್ ಈ ಜಾತಿಯವು. ಎರಡನ್ನೂ 2014ರಲ್ಲಿ ಆರ್‌ಪೆಸ್ ತೋರಿಸಿತು. ಎರಡು ಸಮ್ಮಿತಿಗಳಲ್ಲಿ ಒಂದಾದರೂ ಮುರಿದರೆ ಮಾತ್ರ ವೈಲ್ ನೋಡ್‌ಗಳು ಬೇರೆಯಾಗುತ್ತವೆ.

ಗಮನಿಸಿ, ಇದು ವೇವ್‌ಫಂಕ್ಷನ್ನಿನ ಗುಣ. ಶಕ್ತಿಯ ಗ್ರಾಫಿನಲ್ಲಿ ಎರಡು ಗೆರೆ ಅಡ್ಡ ಹಾಯ್ದ ಮಾತ್ರಕ್ಕೆ ಟೋಪಾಲಜಿ ಸಾಬೀತಾಗಲ್ಲ. ಬ್ಯಾಂಡ್ ನೇರ ಗೆರೆಯಂತಿದೆ, ಮೊಬಿಲಿಟಿ (ಎಲೆಕ್ಟ್ರಾನ್ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದು) ಜಾಸ್ತಿ, ಮ್ಯಾಗ್ನೆಟೋರೆಸಿಸ್ಟೆನ್ಸ್ (ಕಾಂತಕ್ಷೇತ್ರದಿಂದ ರೆಸಿಸ್ಟೆನ್ಸ್ ಬದಲಾಗುವುದು) ಭರ್ಜರಿಯಾಗಿದೆ ಎಂಬ ಮೂರನ್ನು ಸೇರಿಸಿ ‘ಆದ್ದರಿಂದ ಟೋಪಾಲಜಿಕಲ್’ ಅಂತ ಬರೆದುಬಿಡುವುದು ಸುಲಭ. ಟಂಗ್‌ಸ್ಟನ್ ಡೈಟೆಲ್ಯುರೈಡ್‌ನ ಮ್ಯಾಗ್ನೆಟೋರೆಸಿಸ್ಟೆನ್ಸ್ ಕ್ಷೇತ್ರ ಏರಿಸಿದಷ್ಟೂ ಏರುತ್ತಲೇ ಹೋಗುವುದು 2014ರಲ್ಲಿ ಸುದ್ದಿಯಾಯಿತು. ಅದಕ್ಕೆ ಮುಖ್ಯವಾಗಿ ಕೊಟ್ಟ ಕಾರಣ ಎಲೆಕ್ಟ್ರಾನ್ ಮತ್ತು ಹೋಲ್‌ಗಳ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳ) ಸಂಖ್ಯೆ ಹೆಚ್ಚುಕಡಿಮೆ ಸರಿಸಮ ಇರುವುದು. ವೈಲ್ ನೋಡಿನ ಹೆಸರೇ ಎತ್ತದೆ ಅಷ್ಟನ್ನು ವಿವರಿಸಬಹುದು.

ಹಾಗಾಗಿ ಪ್ರಶ್ನೆಯನ್ನು ಬಿಡಿಸಿ ಕೇಳಿಕೊಳ್ಳಬೇಕು. ಹರಳಿನ ಸಮ್ಮಿತಿ ಇದಕ್ಕೆ ಅವಕಾಶ ಕೊಡುತ್ತದಾ? ಫರ್ಮಿ ಮಟ್ಟ (ಎಲೆಕ್ಟ್ರಾನುಗಳು ತುಂಬಿರುವ ಮೇಲಿನ ಶಕ್ತಿಯ ಗಡಿ) ನೋಡಿಗೆ ಎಷ್ಟು ಹತ್ತಿರ? ನೋಡಿನ ಚಾರ್ಜ್ ಸೊನ್ನೆಯಲ್ಲ ಎಂಬುದಕ್ಕೆ ನೇರ ಸಾಕ್ಷಿ ಏನು? ಒಂದೊಂದು ವಿಧಾನ ಇದರಲ್ಲಿ ಒಂದೊಂದಕ್ಕೆ ಲಾಯಕ್ಕು.

ಮೊದಲು ಲೆಕ್ಕ, ಆದರೆ ಅದೇ ತೀರ್ಪಲ್ಲ

ಅಗ್ಗದ ದಾರಿ ಡಿಎಫ್‌ಟಿ, ಅಂದರೆ ರಚನೆಯಿಂದ ಬ್ಯಾಂಡುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ. ಅದಕ್ಕೆ ಬೇಕಾದ ಕ್ವಾಂಟಮ್ ಎಸ್ಪ್ರೆಸ್ಸೊ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಆ ಲೆಕ್ಕದಿಂದ ಚಿಕ್ಕ ಮಾಡೆಲ್ ಕಟ್ಟಿ ನೋಡ್ ಹುಡುಕುವ ವ್ಯಾನಿಯರ್90, ವ್ಯಾನಿಯರ್‌ಟೂಲ್ಸ್ ಕೂಡ ಪುಕ್ಕಟೆಯೇ. ಎಷ್ಟೋ ಸಲ ನೀವು ಲೆಕ್ಕ ಹಾಕಬೇಕಾಗಿಯೂ ಇಲ್ಲ. 2017ರಲ್ಲಿ ಟೋಪಾಲಜಿಕಲ್ ಕ್ವಾಂಟಮ್ ಕೆಮಿಸ್ಟ್ರಿ ಮತ್ತು ಸಿಮೆಟ್ರಿ ಇಂಡಿಕೇಟರ್ ಎಂಬ ಎರಡು ವಿಧಾನ ಬಂದವು. 230 ಸ್ಪೇಸ್ ಗ್ರೂಪ್‌ಗಳಲ್ಲೂ (ಹರಳಿನ ಸಮ್ಮಿತಿಯ ಬಗೆಗಳಲ್ಲೂ), ಹೆಚ್ಚು ಸಮ್ಮಿತಿಯ ಬಿಂದುಗಳಲ್ಲಿ ಬ್ಯಾಂಡ್ ಹೇಗೆ ನಡೆದುಕೊಳ್ಳುತ್ತದೆ ಎಂಬುದರಿಂದಲೇ ಟೋಪಾಲಜಿ ಓದುವ ದಾರಿ ಅದು. 2019ರಲ್ಲಿ ಮೂರು ತಂಡಗಳು ಸಾವಿರಾರು ಪದಾರ್ಥಗಳನ್ನು ಹೀಗೆ ಜಾಲಾಡಿ ಪಟ್ಟಿ ಮಾಡಿದವು. ಅದರಲ್ಲಿ ಒಂದು ತಂಡದ ಎಣಿಕೆಯಂತೆ ಗೊತ್ತಿರುವ ಪದಾರ್ಥಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಟೋಪಾಲಜಿಕಲ್. ಅಂದಮೇಲೆ ನಿಮ್ಮ ಹರಳಿನ ಹೆಸರು ಪಟ್ಟಿಯಲ್ಲಿ ಸಿಕ್ಕಿತು ಅಂತ ಹಿಗ್ಗುವ ಹಾಗಿಲ್ಲ.

ಪಟ್ಟಿಯಲ್ಲಿ ಸಿಗಲಿಲ್ಲ ಅಂತ ಕೈಬಿಡುವ ಹಾಗೂ ಇಲ್ಲ. ಇನ್ವರ್ಷನ್ ಇಲ್ಲದ ಹರಳುಗಳಲ್ಲಿ ವೈಲ್ ನೋಡುಗಳು ಬ್ರಿಲ್ವಾ ವಲಯದ (ಹರಳಿನ ಎಲೆಕ್ಟ್ರಾನುಗಳ ಸಂವೇಗದ ಪೂರ್ತಿ ನಕ್ಷೆಯ) ಯಾವುದೋ ಮೂಲೆಯಲ್ಲಿ, ವಿಶೇಷ ಸಮ್ಮಿತಿ ಏನೂ ಇಲ್ಲದ ಬಿಂದುವಿನಲ್ಲಿ ಕೂತಿರುತ್ತವೆ. ಹೆಚ್ಚು ಸಮ್ಮಿತಿಯ ಬಿಂದುಗಳನ್ನು ಮಾತ್ರ ನೋಡುವ ವಿಧಾನದ ಕಣ್ಣಿಗೆ ಅವು ಬೀಳದೇ ಇರಬಹುದು. ಅಂಥ ಹರಳಿಗೆ ವ್ಯಾನಿಯರ್ ಮಾಡೆಲ್ ಕಟ್ಟಿ ಇಡೀ ವಲಯ ಹುಡುಕಲೇಬೇಕು.

ಲೆಕ್ಕದ ದೊಡ್ಡ ಕಾಯಿಲೆ ಬ್ಯಾಂಡ್ ಗ್ಯಾಪ್, ಅಂದರೆ ಬ್ಯಾಂಡುಗಳ ನಡುವಿನ ಶಕ್ತಿಯ ಅಂತರ. ಡಿಎಫ್‌ಟಿಯಲ್ಲಿ ಎಲ್ಲರೂ ಬಳಸುವ ಅಂದಾಜು ಸೂತ್ರವಾದ ಪಿಬಿಇ ಫಂಕ್ಷನಲ್ ಗ್ಯಾಪನ್ನು ಕಮ್ಮಿ ತೋರಿಸುತ್ತದೆ, ಹಾಗಾಗಿ ಬ್ಯಾಂಡುಗಳು ತಲೆಕೆಳಗಾಗದ ಕಡೆಯೂ ಆದಂತೆ ತೋರಿಸಬಹುದು. ಜಿರ್ಕೋನಿಯಮ್ ಪೆಂಟಾಟೆಲ್ಯುರೈಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಲ್ಯಾಟಿಸ್ ಅಳತೆ ಸ್ವಲ್ಪ ಆಚೀಚೆ ಮಾಡಿದರೂ ಲೆಕ್ಕ ಸ್ಟ್ರಾಂಗ್ ಟೋಪಾಲಜಿಕಲ್ ಇನ್ಸುಲೇಟರ್‌ನಿಂದ ವೀಕ್‌ಗೆ ಹಾರಿಬಿಡುತ್ತದೆ. ನಡುವೆ ಗ್ಯಾಪ್ ಮುಚ್ಚಿದ ಕಡೆ ಡಿರಾಕ್ ಸೆಮಿಮೆಟಲ್. ಪ್ರಯೋಗಗಳೂ ಬಹಳ ವರ್ಷ ಒಂದೊಂದು ಲ್ಯಾಬಿನಿಂದ ಒಂದೊಂದು ಉತ್ತರ ಕೊಟ್ಟವು. ಹರಳು ಬೆಳೆಸಿದ ವಿಧಾನ ಬದಲಾದರೆ ಟೆಲ್ಯುರಿಯಮ್ ಕೊರತೆ ಬದಲಾಗುತ್ತದೆ, ಅದರ ಜೊತೆ ಉತ್ತರವೂ ಬದಲಾಗುತ್ತದೆ.

ನನ್ನ ಸಲಹೆ: ಪಿಬಿಇ ಜೊತೆಗೆ, ಗ್ಯಾಪನ್ನು ಇನ್ನೂ ಸರಿಯಾಗಿ ಹೇಳುವ ಎಂಬಿಜೆ ಅಥವಾ ಎಚ್‌ಎಸ್‌ಇ06 ಒಂದನ್ನು ಓಡಿಸಿ. ಸ್ಪಿನ್-ಆರ್ಬಿಟ್ (ಎಲೆಕ್ಟ್ರಾನಿನ ಸ್ಪಿನ್ನಿಗೂ ಅದರ ಚಲನೆಗೂ ಇರುವ ನಂಟು) ಹಾಕಿಯೂ ನೋಡಿ, ಹಾಕದೆಯೂ ನೋಡಿ. ಲ್ಯಾಟಿಸನ್ನು ಶೇಕಡಾ 1ರಷ್ಟು ಹಿಗ್ಗಿಸಿ, ಕುಗ್ಗಿಸಿ. ಉತ್ತರ ಅಲುಗದಿದ್ದರೆ ಲೆಕ್ಕವನ್ನು ನಂಬಿ ಮುಂದಿನ ಪ್ರಯೋಗ ಯೋಜಿಸಬಹುದು. ಅಲುಗಿದರೆ, ಲೆಕ್ಕ ನಿಮಗೆ ಹೇಳಿದ್ದು ಇಷ್ಟೇ: ಈ ಹರಳು ಗಡಿಯ ಮೇಲಿದೆ.

ಇನ್ನೊಂದು ಮಾತು. ಲೆಕ್ಕಕ್ಕೆ ಕೊಟ್ಟ ರಚನೆಯೇ ತಪ್ಪಿದ್ದರೆ ಏನು ಮಾಡಿದರೂ ವ್ಯರ್ಥ. ಲ್ಯಾಂಥನಮ್, ಸೀರಿಯಮ್ ಇತ್ಯಾದಿಗಳ ಜೊತೆ ಅಲ್ಯುಮಿನಿಯಮ್ ಮತ್ತು ಸಿಲಿಕಾನ್ ಸೇರಿದ ಹರಳುಗಳ ಕುಟುಂಬವೊಂದಿದೆ. ಅಲ್ಯುಮಿನಿಯಮ್, ಸಿಲಿಕಾನ್ ತಂತಮ್ಮ ಜಾಗದಲ್ಲಿ ಶಿಸ್ತಾಗಿ ಕೂತರೆ ಅದು 109ನೇ ಸ್ಪೇಸ್ ಗ್ರೂಪ್, ಇನ್ವರ್ಷನ್ ಇಲ್ಲ, ವೈಲ್ ನೋಡಿಗೆ ದಾರಿ ಇದೆ. ಎರಡೂ ಕಲಸಿಹೋದರೆ 141ನೇ ಗ್ರೂಪ್, ಇನ್ವರ್ಷನ್ ಇದೆ. ಅಲ್ಯುಮಿನಿಯಮ್ಮಿನ ಪರಮಾಣು ಸಂಖ್ಯೆ 13, ಸಿಲಿಕಾನಿನದು 14. ಒಂದೇ ಎಲೆಕ್ಟ್ರಾನಿನ ವ್ಯತ್ಯಾಸವನ್ನು ಸಾಧಾರಣ ಎಕ್ಸ್-ರೇ ಡಿಫ್ರಾಕ್ಷನ್ ಸುಲಭಕ್ಕೆ ಗುರುತಿಸಲ್ಲ. ಇಲ್ಲಿ ನೆರವಿಗೆ ಬರುವುದು ಸೆಕೆಂಡ್ ಹಾರ್ಮೋನಿಕ್. ಹರಳಿನ ಮೇಲೆ ಲೇಸರ್ ಬಿಟ್ಟು, ಎರಡು ಪಟ್ಟು ಫ್ರೀಕ್ವೆನ್ಸಿಯ ಬೆಳಕು ಜೋರಾಗಿ ಬರುತ್ತದಾ ನೋಡುವುದು. ಇನ್ವರ್ಷನ್ ಇದ್ದರೆ ಹರಳಿನ ಒಳಗಿನಿಂದ ಅದು ಹೆಚ್ಚುಕಡಿಮೆ ಬರುವುದೇ ಇಲ್ಲ. ಸೆಮಿಮೆಟಲ್ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಇನ್ನೊಂದು ಪ್ರಯೋಗ ಸಿಗುವುದು ಕಷ್ಟ. ಆದರೂ ಬಹಳ ಜನ ಇದನ್ನು ಕೊನೆಗೆ, ರೆಫರಿ ಕೇಳಿದಮೇಲೆ ಮಾಡುತ್ತಾರೆ.

ಕ್ವಾಂಟಮ್ ಆಂದೋಲನ: ಆಕಾರಕ್ಕೆ ನಂಬಿ, ಫೇಸಿಗೆ ಅನುಮಾನಿಸಿ

ಶುದ್ಧವಾದ ಹರಳನ್ನು ತಣ್ಣಗೆ ಮಾಡಿ, ಕಾಂತಕ್ಷೇತ್ರ ಏರಿಸುತ್ತ ಹೋದರೆ ರೆಸಿಸ್ಟೆನ್ಸ್ ಅಲೆಅಲೆಯಾಗುತ್ತದೆ. ಇದು ಶುಬ್ನಿಕೋವ್-ಡಿ ಹಾಸ್. ಮ್ಯಾಗ್ನೆಟೈಸೇಷನ್ ಅಲೆಯಾದರೆ ಡಿ ಹಾಸ್-ವಾನ್ ಆಲ್ಫೆನ್. ಎರಡೂ 1930ರಲ್ಲಿ ಲೈಡನ್ನಿನಲ್ಲಿ, ಬಿಸ್ಮತ್ ಹರಳಿನಲ್ಲೇ ಸಿಕ್ಕಿದವು. ಬಿಸ್ಮತ್ ಕೂಡ ಸೆಮಿಮೆಟಲ್ಲೇ ಅಲ್ವಾ!

ಅಲೆಯ ಫ್ರೀಕ್ವೆನ್ಸಿಯಿಂದ ಫರ್ಮಿ ಮೇಲ್ಮೈಯ (ಸಂವೇಗದ ನಕ್ಷೆಯಲ್ಲಿ ಫರ್ಮಿ ಮಟ್ಟದ ಗಡಿಯ) ಅಡ್ಡಸೀಳಿನ ಕ್ಷೇತ್ರಫಲ ನೇರವಾಗಿ ಬರುತ್ತದೆ. ಆನ್ಸಾಗರ್ 1952ರಲ್ಲಿ ಕೊಟ್ಟ ಸೂತ್ರ ಇದು. ಒಂದು ಲೆಕ್ಕ ಹಾಕಿ ನೋಡೋಣ. ಫ್ರೀಕ್ವೆನ್ಸಿ 100 ಟೆಸ್ಲಾ ಬಂತು. 1 ಟೆಸ್ಲಾಗೆ ಸುಮಾರು 0.0000955 ಚದರ ವಿಲೋಮ ಆಂಗ್‌ಸ್ಟ್ರಮ್‌ನಂತೆ ಕ್ಷೇತ್ರಫಲ 0.0095. ಅದು ವೃತ್ತ ಅಂದುಕೊಂಡರೆ ತ್ರಿಜ್ಯ 0.055 ವಿಲೋಮ ಆಂಗ್‌ಸ್ಟ್ರಮ್. ಟ್ಯಾಂಟಲಮ್ ಆರ್ಸೆನೈಡ್‌ನ ಲ್ಯಾಟಿಸ್ ಅಳತೆ 3.43 ಆಂಗ್‌ಸ್ಟ್ರಮ್, ಅಂದರೆ ಬ್ರಿಲ್ವಾ ವಲಯದ ಅಗಲ ಸುಮಾರು 1.83. ಆ ಚೌಕದಲ್ಲಿ ನಮ್ಮ ವೃತ್ತ ಬರೀ ಶೇಕಡಾ 0.3. ಇಷ್ಟು ಪುಟ್ಟ ಪಾಕೆಟ್ಟನ್ನು (ಫರ್ಮಿ ಮೇಲ್ಮೈಯ ತುಣುಕನ್ನು) ಇಷ್ಟು ಖಚಿತವಾಗಿ ಅಳೆಯುವ ಬೇರೆ ವಿಧಾನ ಇಲ್ಲ. ಹರಳನ್ನು ತಿರುಗಿಸುತ್ತ ಅಳೆದರೆ ಪಾಕೆಟ್ಟಿನ ಮೂರು ಆಯಾಮದ ಆಕಾರ ಸಿಗುತ್ತದೆ. ಉಷ್ಣತೆ ಏರಿದಂತೆ ಅಲೆ ಕುಗ್ಗುವ ರೀತಿಯಿಂದ ಎಲೆಕ್ಟ್ರಾನಿನ ದ್ರವ್ಯರಾಶಿ ಸಿಗುತ್ತದೆ. ಈ ಮೂರನ್ನೂ ಡಿಎಫ್‌ಟಿ ಜೊತೆ ಹೊಂದಿಸಿದರೆ ಫರ್ಮಿ ಮಟ್ಟ ನೋಡಿನಿಂದ ಎಷ್ಟು ದೂರ ಎಂಬುದು ಕೆಲವೇ ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗಳ ಲೆಕ್ಕದಲ್ಲಿ ತಿಳಿಯುತ್ತದೆ. ನಾನು ಆಂದೋಲನಕ್ಕೆ ಕೊಡುವ ಬೆಲೆ ಇದಕ್ಕಾಗಿ.

ಜನ ಇದನ್ನು ಬಳಸುವುದು ಇನ್ನೊಂದಕ್ಕೆ, ಬೆರ್ರಿ ಫೇಸಿಗೆ, ಅಂದರೆ ಎಲೆಕ್ಟ್ರಾನ್ ಒಂದು ಸುತ್ತು ಬಂದಾಗ ಅದರ ವೇವ್‌ಫಂಕ್ಷನ್ನಿನಲ್ಲಿ ಉಳಿಯುವ ತಿರುವಿಗೆ. 2005ರಲ್ಲಿ ಗ್ರಾಫೀನಿನಲ್ಲಿ ಪೈ ಬೆರ್ರಿ ಫೇಸ್ ಸಿಕ್ಕಿದ್ದು ಹೀಗೆಯೇ. ಅಲೆಯ ಒಂದೊಂದು ಶಿಖರಕ್ಕೆ ಒಂದೊಂದು ಸಂಖ್ಯೆ ಕೊಟ್ಟು, ಅದನ್ನು 1/ಕ್ಷೇತ್ರದ ಎದುರು ಹಾಕಿ, ಗೆರೆ ಎಳೆದು, ಅದು ಅಕ್ಷವನ್ನು ಎಲ್ಲಿ ಕಡಿಯುತ್ತದೆ ನೋಡುವುದು. ಈ ಚಿತ್ರವೇ ಫ್ಯಾನ್ ಡಯಾಗ್ರಾಂ. ಸೊನ್ನೆಯಾದರೆ ಸಾಧಾರಣ, ಅರ್ಧವಾದರೆ ಪೈ. (ಈ ಜ್ಯಾಮಿತೀಯ ಫೇಸ್ ಬೆರ್ರಿಯ ಹೆಸರಿಗೆ ಬಂದದ್ದು 1984ರಲ್ಲಿ. 1956ರಲ್ಲೇ ಪಂಚರತ್ನಂ ಬೆಂಗಳೂರಿನ ರಾಮನ್ ಸಂಸ್ಥೆಯಲ್ಲಿ ಕೂತು, ಪೋಲರೈಸ್ ಆದ ಬೆಳಕಿನಲ್ಲಿ ಇಂಥದ್ದೇ ಫೇಸ್ ಕಂಡಿದ್ದರು. ಬೆರ್ರಿಯೇ ಆಮೇಲೆ ಅದನ್ನು ಎತ್ತಿ ಹೇಳಿದರು.)

ಗ್ರಾಫೀನ್ ಎರಡು ಆಯಾಮದ್ದು, ಅಲ್ಲಿ ಕ್ಷೇತ್ರ ಏರಿಸಿ ತೀರಾ ಕೆಳಗಿನ ಲ್ಯಾಂಡೌ ಮಟ್ಟದವರೆಗೂ (ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಶಕ್ತಿ ಮೆಟ್ಟಿಲಾಗಿ ಒಡೆಯುತ್ತದೆ, ಆ ಮೆಟ್ಟಿಲು) ಹೋಗಬಹುದಿತ್ತು. ನಿಮ್ಮ ಹರಳು ಮೂರು ಆಯಾಮದ್ದು. ಅದೇ 100 ಟೆಸ್ಲಾ ಪಾಕೆಟ್ ತೆಗೆದುಕೊಳ್ಳಿ. 9 ಟೆಸ್ಲಾ ಮ್ಯಾಗ್ನೆಟ್ಟಿನಲ್ಲಿ ನೀವು ತಲುಪುವ ಕೊನೆಯ ಮಟ್ಟ 11 ಅಥವಾ 12. ಅಲ್ಲಿಂದ ಸೊನ್ನೆವರೆಗೆ ಗೆರೆಯನ್ನು ಕಣ್ಣುಮುಚ್ಚಿ ಎಳೆಯಬೇಕು. ಫ್ರೀಕ್ವೆನ್ಸಿಯಲ್ಲಿ ಶೇಕಡಾ 1 ತಪ್ಪಿದರೆ ಕಡಿತದ ಜಾಗ ಸುಮಾರು 0.11 ಜರುಗುತ್ತದೆ. ಶೇಕಡಾ 2 ತಪ್ಪಿದರೆ 0.22. ನೀವು ಗುರುತಿಸಬೇಕಾದ ಒಟ್ಟು ವ್ಯತ್ಯಾಸವೇ 0.5. ಅದರ ಮೇಲೆ ಮೂರು ಆಯಾಮದ ತಿದ್ದುಪಡಿ ಅಂತ ಎಂಟನೇ ಒಂದು, ಅಂದರೆ 0.125, ಕೂಡಬೇಕಾ ಕಳೆಯಬೇಕಾ ಎಂಬುದು ಪಾಕೆಟ್ಟಿನ ಆಕಾರದ ಮೇಲೆ ನಿಂತಿದೆ. ಇಷ್ಟಾದಮೇಲೆ ‘0.42 ಬಂತು, ಪೈಗೆ ಹತ್ತಿರ’ ಅಂತ ಬರೆದರೆ ಯಾರು ನಂಬಬೇಕು?

ಇನ್ನೂ ಒಂದು ಸಿಕ್ಕು. ಪೂರ್ಣಾಂಕವನ್ನು ರೆಸಿಸ್ಟೆನ್ಸಿನ ಶಿಖರಕ್ಕೆ ಕೊಡಬೇಕಾ, ಕಣಿವೆಗೆ ಕೊಡಬೇಕಾ? ಸೂತ್ರ ಇರುವುದು ಕಂಡಕ್ಟಿವಿಟಿಗೆ. ಹಾಲ್ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡ ದಿಕ್ಕಿನಲ್ಲಿ ಹುಟ್ಟುವ ವೋಲ್ಟೇಜಿನಿಂದ ಬರುವುದು) ಚಿಕ್ಕದಿದ್ದರೆ ಕಂಡಕ್ಟಿವಿಟಿಯ ಶಿಖರ ರೆಸಿಸ್ಟೆನ್ಸಿನ ಕಣಿವೆಯಾಗುತ್ತದೆ. ಹಾಲ್ ರೆಸಿಸ್ಟೆನ್ಸ್ ದೊಡ್ಡದಿದ್ದರೆ ಶಿಖರ ಶಿಖರವೇ. ಇದನ್ನು ಅದಲುಬದಲು ಮಾಡಿದರೆ ಉತ್ತರ ಸರಿಯಾಗಿ 0.5 ಜಿಗಿಯುತ್ತದೆ, ಟೋಪಾಲಜಿ ಇದ್ದದ್ದು ಮಾಯ, ಇಲ್ಲದ್ದು ಪ್ರತ್ಯಕ್ಷ. ಹಾಲ್ ಅಳೆಯದೆ ಫ್ಯಾನ್ ಡಯಾಗ್ರಾಂ ಹಾಕುವುದು ಸುಮ್ನೆ ಕಾಲಹರಣ.

ಪಾಕೆಟ್ 10 ಟೆಸ್ಲಾದ್ದಾದರೆ ಪರಿಸ್ಥಿತಿ ಬೇರೆ. 9 ಟೆಸ್ಲಾದಲ್ಲಿ ಮೊದಲನೇ ಮಟ್ಟದ ಹತ್ತಿರ ಬರುತ್ತೀರಿ, ಶೇಕಡಾ 1ರ ತಪ್ಪು 0.01 ಮಾತ್ರ. ಆಗ ಬೇರೆ ತಲೆನೋವು: ಅಷ್ಟು ಕೆಳಗೆ ಹೋದಾಗ ಝೀಮನ್ ಪರಿಣಾಮದಿಂದ (ಕ್ಷೇತ್ರದಲ್ಲಿ ಎರಡು ಸ್ಪಿನ್‌ಗಳ ಶಕ್ತಿ ಬೇರೆಯಾಗುವುದರಿಂದ) ಶಿಖರಗಳು ಸೀಳುತ್ತವೆ, ಗೆರೆ ಬಾಗುತ್ತದೆ. ಜೊತೆಗೆ ಕಕ್ಷೆಯ ಮ್ಯಾಗ್ನೆಟಿಕ್ ಮೊಮೆಂಟ್ ಮತ್ತು ಸ್ಪಿನ್ ಕೂಡ ಫೇಸಿಗೆ ತಮ್ಮ ಪಾಲು ಸೇರಿಸುತ್ತವೆ. ಇನ್ವರ್ಷನ್ ಮತ್ತು ಟೈಮ್ ರಿವರ್ಸಲ್ ಎರಡೂ ಇರುವ ಹರಳಿನಲ್ಲಿ ಸ್ಪಿನ್ನಿನ ಪಾಲೊಂದೇ ಫೇಸನ್ನು ಸೊನ್ನೆಯಿಂದ ಪೈಗೆ ಉರುಳಿಸಬಹುದು. ಹಾಗಾಗಿ ಪೈ ಬಂದರೂ ಅದು ಬೆರ್ರಿ ಫೇಸೇ ಅಂತ ಹೇಳಲಾಗದು.

2021ರಲ್ಲಿ ಬಂದ ಒಂದು ಕೆಲಸ ಈ ಜಂಜಾಟವನ್ನು ಬದಿಗಿಟ್ಟು ಬೇರೆ ದಾರಿ ಹಿಡಿಯಿತು. ಉಷ್ಣತೆ ಬದಲಿಸಿದಾಗ ಫ್ರೀಕ್ವೆನ್ಸಿಯೇ ತುಸು ಜರುಗುತ್ತದಾ ನೋಡಿತು. ಬ್ಯಾಂಡ್ ಪ್ಯಾರಾಬೋಲ ಆದರೆ ಜರುಗಲ್ಲ, ನೇರ ಗೆರೆಯಾದರೆ ಜರುಗುತ್ತದೆ. ಕ್ಯಾಡ್ಮಿಯಮ್ ಆರ್ಸೆನೈಡ್‌ನಲ್ಲಿ ಜರುಗಿತು, ಬಿಸ್ಮತ್ ಆಕ್ಸಿಸೆಲೆನೈಡ್‌ನಲ್ಲಿ ಜರುಗಲಿಲ್ಲ. ಇದೂ ನೇರವಾಗಿ ಟೋಪಾಲಜಿ ಅಳೆಯಲ್ಲ. ಆದರೆ ‘ಅಲ್ಲ’ ಅಂತ ಹೇಳುವ ತಾಕತ್ತು ಇದಕ್ಕಿದೆ, ಅದಕ್ಕೇ ನನಗೆ ಫ್ಯಾನ್ ಡಯಾಗ್ರಾಂಗಿಂತ ಇದು ಹಿಡಿಸುತ್ತದೆ.

ರೆಸಿಸ್ಟೆನ್ಸ್ ಇಳಿಯಿತು, ಹಾಗಾದರೆ?

ಕರೆಂಟ್ ಮತ್ತು ಕಾಂತಕ್ಷೇತ್ರ ಒಂದೇ ದಿಕ್ಕಿಗಿದ್ದರೆ, ಒಂದು ಚಿಹ್ನೆಯ ನೋಡಿನಿಂದ ಇನ್ನೊಂದು ಚಿಹ್ನೆಯ ನೋಡಿಗೆ ಎಲೆಕ್ಟ್ರಾನುಗಳು ಸಾಗುತ್ತವೆ. ಕೈರಲ್ ಅನಾಮಲಿ ಎಂಬುದು ಇದೇ. ಇದರಿಂದ ರೆಸಿಸ್ಟೆನ್ಸ್ ಇಳಿಯಬೇಕು. ಒಂದು ಹರಳು, ನಾಲ್ಕು ತಂತಿ, ಒಂದು ಮ್ಯಾಗ್ನೆಟ್ ಇದ್ದರೆ ಸಾಕು. ಅದಕ್ಕೇ 2015ರ ಆಚೀಚೆ ಇಂಥ ಪೇಪರುಗಳ ಮಹಾಪೂರ ಬಂತು.

ತೊಂದರೆ ಇರುವುದು ಕರೆಂಟ್ ಹರಿಯುವ ರೀತಿಯಲ್ಲಿ. ಮೊಬಿಲಿಟಿ ಜಾಸ್ತಿಯಿರುವ ಹರಳಿನಲ್ಲಿ ಕ್ಷೇತ್ರ ಏರಿದಂತೆ ಅಡ್ಡ ದಿಕ್ಕಿನ ಕಂಡಕ್ಟಿವಿಟಿ ಕುಸಿಯುತ್ತದೆ. ಮೊಬಿಲಿಟಿ ಮತ್ತು ಕ್ಷೇತ್ರದ ಗುಣಲಬ್ಧ 10 ಆದರೆ ಉದ್ದಕ್ಕೂ ಅಡ್ಡಕ್ಕೂ ಕಂಡಕ್ಟಿವಿಟಿಯಲ್ಲಿ ಸುಮಾರು 100 ಪಟ್ಟು ಅಂತರ ಬೀಳುತ್ತದೆ. ಆಗ ಕರೆಂಟ್ ಇಡೀ ಹರಳಿಗೆ ಹರಡುವುದಿಲ್ಲ. ಬೇಸಿಗೆಯ ಹೊಳೆ ಪಾತ್ರದ ನಡುವೆ ಮಾತ್ರ ಹರಿದು ದಡದ ಮರಳು ಒಣಗಿದ ಹಾಗೆ, ಕರೆಂಟ್ ಎರಡು ಕಾಂಟ್ಯಾಕ್ಟ್‌ಗಳ ನಡುವಿನ ಗೆರೆಯಲ್ಲೇ ಓಡುತ್ತದೆ. ನಿಮ್ಮ ವೋಲ್ಟೇಜ್ ತಂತಿ ದಡದಲ್ಲಿದ್ದರೆ ವೋಲ್ಟೇಜ್ ಇಳಿಯಿತು ಅಂತಲೇ ತೋರಿಸುತ್ತದೆ. ನೋಡೂ ಬೇಡ, ಅನಾಮಲಿಯೂ ಬೇಡ. ಟ್ಯಾಂಟಲಮ್ ಫಾಸ್ಫೈಡ್‌ನಲ್ಲಿ 2016ರಲ್ಲಿ ಈ ಮೋಸ ಚೆನ್ನಾಗಿ ಬಯಲಾಯಿತು. ಅದೇ ವರ್ಷ ಅದೇ ಹರಳಿನ ಮೇಲೆ ಆಂದೋಲನ ಅಳೆದವರು ಇನ್ನೊಂದು ಸಂಗತಿ ತೋರಿಸಿದರು. ಅಲ್ಲಿ ಎರಡು ಎದುರು ಚಿಹ್ನೆಯ ನೋಡುಗಳೂ ಒಂದೇ ಫರ್ಮಿ ಪಾಕೆಟ್ಟಿನೊಳಗೆ ಸಿಕ್ಕಿಕೊಂಡಿದ್ದವು. ಹಾಗಿದ್ದಮೇಲೆ ಚಿಹ್ನೆ ಲೆಕ್ಕಕ್ಕೇ ಬರುವುದಿಲ್ಲ, ಆದರೂ ರೆಸಿಸ್ಟೆನ್ಸ್ ಇಳಿದಿತ್ತು!

ಹಾಗಂತ ಈ ವಿಧಾನ ಕೆಲಸಕ್ಕೆ ಬಾರದ್ದಲ್ಲ. 2018ರಲ್ಲಿ ಸೋಡಿಯಮ್ ಬಿಸ್ಮಥೈಡ್ ಮತ್ತು ಗ್ಯಾಡೋಲಿನಿಯಮ್-ಪ್ಲಾಟಿನಮ್-ಬಿಸ್ಮತ್ ಹರಳುಗಳ ಮೇಲೆ ‘ಸ್ಕ್ವೀಜ್ ಟೆಸ್ಟ್’ ಅಂತ ಮಾಡಿದರು. ಒಂದು ಜೊತೆ ವೋಲ್ಟೇಜ್ ತಂತಿ ಹರಳಿನ ಬೆನ್ನಿನ ನಡುಗೆರೆಯ ಮೇಲೆ, ಇನ್ನೊಂದು ಜೊತೆ ಅಂಚಿನಲ್ಲಿ. ಎರಡೂ ಕಡೆ ರೆಸಿಸ್ಟೆನ್ಸ್ ಇಳಿದರೆ ಅದು ಹರಳಿನದೇ ಗುಣ. ಅಂಚಿನಲ್ಲಿ ಇಳಿದು ನಡುವೆ ಏರಿದರೆ ಕರೆಂಟಿನ ಆಟ. ಆ ಎರಡು ಹರಳುಗಳು ಪಾಸಾದವು. ನೀವು ಈ ದಾರಿ ಹಿಡಿಯುವುದಾದರೆ ಕರೆಂಟ್ ಕಾಂಟ್ಯಾಕ್ಟ್ ಹರಳಿನ ತುದಿಯ ಮುಖವನ್ನೆಲ್ಲ ಮುಚ್ಚುವಂತೆ ಸಿಲ್ವರ್ ಪೇಂಟ್ ಹಚ್ಚಿ. ಉದ್ದ ಅಗಲಕ್ಕಿಂತ ಬಹಳ ಜಾಸ್ತಿ ಇರಲಿ. ಮೇಲ್ಮೈ ಮೇಲೆ ನಾಲ್ಕು ಚುಕ್ಕೆ ಇಟ್ಟು ಅಳೆದದ್ದನ್ನು ನಾನಂತೂ ಸಾಕ್ಷಿ ಅಂತ ಒಪ್ಪಲ್ಲ.

ಆರ್‌ಪೆಸ್: ಹತ್ತಿರದ ಸಾಕ್ಷಿ, ಆದರೆ ಎಣಿಸಲು ಬರಬೇಕು

ಹರಳಿನ ಮೇಲೆ ಬೆಳಕು ಬಿಟ್ಟು, ಹೊರಬರುವ ಎಲೆಕ್ಟ್ರಾನಿನ ಶಕ್ತಿ ಮತ್ತು ಕೋನ ಅಳೆದರೆ ಬ್ಯಾಂಡ್ ಚಿತ್ರವೇ ಬರುತ್ತದೆ. 2015ರಲ್ಲಿ ಪ್ರಿನ್ಸ್‌ಟನ್ ಮತ್ತು ಬೀಜಿಂಗ್‌ನ ತಂಡಗಳು ಟ್ಯಾಂಟಲಮ್ ಆರ್ಸೆನೈಡ್ ವೈಲ್ ಸೆಮಿಮೆಟಲ್ ಅಂತ ತೋರಿಸಿದ್ದು ಹೀಗೆ. ಆ ಹರಳಿನಲ್ಲಿ 24 ನೋಡುಗಳಿವೆ, 8 ಒಂದು ಬಗೆ, 16 ಇನ್ನೊಂದು ಬಗೆ. ಮೇಲ್ಮೈಯಿಂದ ನೋಡಿದರೆ 16ರವು ಒಂದೇ ಚಿಹ್ನೆಯವು ಎರಡೆರಡಾಗಿ ಒಂದರ ಹಿಂದೊಂದು ಮರೆಯಾಗಿ ನಿಲ್ಲುತ್ತವೆ. ಹಾಗಾಗಿ ಅಂಥ ಬಿಂದುವಿನಿಂದ ಎರಡು ಫರ್ಮಿ ಆರ್ಕ್‌ಗಳು (ಎದುರು ಚಿಹ್ನೆಯ ನೋಡುಗಳನ್ನು ಮೇಲ್ಮೈಯಲ್ಲಿ ಜೋಡಿಸುವ ತೆರೆದ ಗೆರೆಗಳು) ಹೊರಡಬೇಕು. ಅರ್ಧಚಂದ್ರದಂಥ ಆರ್ಕ್‌ಗಳು ಕಂಡವು.

ಆರ್ಕ್ ಕಂಡರೆ ಮುಗಿಯಿತಾ? ಇಲ್ಲ. ಟಂಗ್‌ಸ್ಟನ್ ಡೈಟೆಲ್ಯುರೈಡ್‌ನ ಮೇಲ್ಮೈಯಲ್ಲೂ ದೊಡ್ಡ ಆರ್ಕ್ ಕಾಣುತ್ತದೆ. ಆದರೆ ವೈಲ್ ನೋಡ್ ಇಲ್ಲದಿದ್ದರೂ ಆ ಆರ್ಕ್ ಹಾಗೇ ಇರುತ್ತದೆ ಎಂದು 2016ರಲ್ಲಿ ತೋರಿಸಲಾಯಿತು. ಲೆಕ್ಕದ ಪ್ರಕಾರ ಆ ಹರಳಿನ ನೋಡುಗಳು ಫರ್ಮಿ ಮಟ್ಟಕ್ಕಿಂತ ಸುಮಾರು 50 ಮಿಲಿ ಎಲೆಕ್ಟ್ರಾನ್ ವೋಲ್ಟ್ ಮೇಲಿವೆ. ಸಾಧಾರಣ ಆರ್‌ಪೆಸ್‌ಗೆ ಎಲೆಕ್ಟ್ರಾನ್ ಇರುವ ಮಟ್ಟ ಮಾತ್ರ ಕಾಣುವುದು.

ಗಟ್ಟಿ ಪರೀಕ್ಷೆ ಎಣಿಕೆಯದು. ಮೇಲ್ಮೈಯ ಬ್ರಿಲ್ವಾ ವಲಯದಲ್ಲಿ ನೋಡನ್ನು ಸುತ್ತಿ ಬರುವ ಮುಚ್ಚಿದ ದಾರಿಯೊಂದನ್ನು ಆರಿಸಿ. ಆ ದಾರಿಯಲ್ಲಿ ನಡೆಯುತ್ತ ಫರ್ಮಿ ಮಟ್ಟವನ್ನು ದಾಟುವ ಮೇಲ್ಮೈ ಬ್ಯಾಂಡುಗಳನ್ನು ಎಣಿಸಿ. ಮೇಲೆ ಹೋಗುವುದಕ್ಕೆ +1, ಕೆಳಗೆ ಬರುವುದಕ್ಕೆ −1. ಒಟ್ಟು ಸೊನ್ನೆ ಬರದಿದ್ದರೆ ಒಳಗೆ ಅಷ್ಟು ಚಾರ್ಜ್ ಇದೆ. ಇಲ್ಲಿ ಡಿಎಫ್‌ಟಿಯನ್ನು ನಂಬಬೇಕಾಗಿಲ್ಲ, ನೋಡ್ ಎಲ್ಲಿದೆ ಅಂತ ಖಚಿತವಾಗಿ ಗೊತ್ತಿರಬೇಕಾಗಿಯೂ ಇಲ್ಲ. ಸೊನ್ನೆ ಬಂದರೆ ಆ ದಾರಿಯೊಳಗೆ ನಿವ್ವಳ ಚಾರ್ಜ್ ಇಲ್ಲ ಎಂದೂ ಹೇಳಬಹುದು. ನಾನು ಮೊದಲು ಹೇಳಿದ ಅಳತೆಯಲ್ಲಿ ಪೂರ್ತಿ ಪಾಸಾಗುವ ವಿಧಾನ ಇದೊಂದೇ. ಕೋಬಾಲ್ಟ್ ಸಿಲಿಸೈಡ್‌ನಲ್ಲಿ ಇದು ಎಷ್ಟು ಚೆನ್ನಾಗಿ ನಡೆಯುತ್ತದೆ ಅಂದರೆ, ಆ ಕೈರಲ್ ಹರಳಿನ (ತನ್ನ ಕನ್ನಡಿ ಬಿಂಬದ ಮೇಲೆ ಕೂರದ ಹರಳಿನ) ಆರ್ಕ್‌ಗಳು ಇಡೀ ವಲಯದ ಉದ್ದಕ್ಕೂ ಚಾಚಿವೆ. 2019ರಲ್ಲಿ ಅವನ್ನು ಕಂಡಾಗ ಯಾರಿಗೂ ಭೂತಗನ್ನಡಿ ಬೇಕಾಗಲಿಲ್ಲ. ಅದೇ ನಿಯೋಬಿಯಮ್ ಫಾಸ್ಫೈಡ್‌ನಲ್ಲಿ ಸ್ಪಿನ್-ಆರ್ಬಿಟ್ ದುರ್ಬಲ. ನೋಡ್ ಜೋಡಿಗಳು ಅಂಟಿಕೊಂಡಂತಿವೆ, ಆರ್ಕ್‌ಗಳು ಒಂದರ ಪಕ್ಕ ಒಂದು ಬಿದ್ದಿವೆ, ಎಣಿಸುವುದು ಬಹಳ ಕಷ್ಟ.

ಆರ್‌ಪೆಸ್‌ನಲ್ಲಿ ಬೆಳಕಿನ ಶಕ್ತಿ ಆರಿಸುವುದೇ ಒಂದು ಆಯ್ಕೆ. 50 ಎಲೆಕ್ಟ್ರಾನ್ ವೋಲ್ಟ್ ಸುತ್ತಮುತ್ತ ಎಲೆಕ್ಟ್ರಾನ್ ಹೊರಬರುವ ಆಳ 5 ಆಂಗ್‌ಸ್ಟ್ರಮ್ ಆಸುಪಾಸು. ಮೇಲ್ಮೈಯ ಆರ್ಕ್ ನೋಡಲು ಅದು ಚೆನ್ನ. ಆದರೆ ಆಳ ಅಷ್ಟು ಕಮ್ಮಿ ಆದಾಗ ಮೇಲ್ಮೈಗೆ ಲಂಬ ದಿಕ್ಕಿನ ಸಂವೇಗ ಸುಮಾರು 0.2 ವಿಲೋಮ ಆಂಗ್‌ಸ್ಟ್ರಮ್‌ನಷ್ಟು ಮಸುಕಾಗುತ್ತದೆ. ಹರಳಿನೊಳಗಿನ ಕೋನ್ (ನೋಡಿನ ಸುತ್ತ ಬ್ಯಾಂಡುಗಳು ತಾಳುವ ಶಂಕುವಿನ ಆಕಾರ) ನೋಡಲು ಅದು ಸಾಲದು. ಅದಕ್ಕೆ ನೂರಾರು ಎಲೆಕ್ಟ್ರಾನ್ ವೋಲ್ಟ್‌ನ ಸಾಫ್ಟ್ ಎಕ್ಸ್-ರೇ ಬೇಕು. ಅಲ್ಲಿ ಆಳ ಹೆಚ್ಚುತ್ತದೆ, ಆದರೆ ಅದೇ 0.1 ಡಿಗ್ರಿ ಕೋನದಿಂದ ಬರುವ ಸಂವೇಗದ ಮಸುಕು 50 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ 0.006 ಇದ್ದದ್ದು 600ರಲ್ಲಿ 0.02 ವಿಲೋಮ ಆಂಗ್‌ಸ್ಟ್ರಮ್ ಆಗುತ್ತದೆ. ಹಾಗಾಗಿ ಆರ್ಕ್‌ಗೆ ಒಂದು ಬೀಮ್‌ಲೈನ್ (ಸಿಂಕ್ರೊಟ್ರಾನ್ ಯಂತ್ರದಿಂದ ಬೆಳಕು ತರುವ ಪ್ರಯೋಗದ ಕವಲು), ಕೋನ್‌ಗೆ ಇನ್ನೊಂದು. ಅರ್ಜಿ ಬರೆಯುವಾಗ ಇದನ್ನು ಮರೆತವರು ಅರ್ಧ ಉತ್ತರ ಹಿಡಿದು ಮನೆಗೆ ಬರುತ್ತಾರೆ.

ಹರಳು ಸೀಳುವುದೂ ಮುಖ್ಯ. ನಿರ್ವಾತದೊಳಗೆ ಸಣ್ಣ ಕಂಬ ಅಂಟಿಸಿ ತಟ್ಟಿದಾಗ ಕನ್ನಡಿಯಂಥ ಮುಖ ಬರಬೇಕು. ಸೀಳು ಬೀಳದ ಹರಳಿಗೆ ಆರ್ಗಾನ್ ಅಯಾನುಗಳಿಂದ ಉಜ್ಜಿ, ಕಾಯಿಸಿ ಮುಖ ಸರಿಮಾಡುವ ದಾರಿ ಇದೆ, ಕೋಬಾಲ್ಟ್ ಸಿಲಿಸೈಡ್‌ಗೂ ಹಾಗೆ ಮಾಡಿದ್ದಾರೆ. ಇನ್ನೊಂದು ಮಿತಿ ನೆನಪಿರಲಿ, ಆರ್‌ಪೆಸ್‌ನಲ್ಲಿ ಕಾಂತಕ್ಷೇತ್ರ ಹಾಕುವ ಹಾಗಿಲ್ಲ. ಹಾಕಿದರೆ ಎಲೆಕ್ಟ್ರಾನಿನ ದಾರಿಯೇ ಬಾಗಿಹೋಗುತ್ತದೆ.

ಎಲ್ಲಿ ಮಾಡುವುದು ಎಂಬ ಪ್ರಶ್ನೆಗೆ ದೇಶದೊಳಗೆ ಮುಂಬೈನ ಟಿಐಎಫ್‌ಆರ್‌ನಂಥ ಕಡೆ ಲ್ಯಾಬ್ ಮಟ್ಟದ ಆರ್‌ಪೆಸ್ ಇದೆ. ಸಿಂಕ್ರೊಟ್ರಾನ್ ಅಂದರೆ ಇಂದೋರಿನ ಇಂಡಸ್-2. ಹೊರಗೆ ಟ್ರಿಯೆಸ್ಟ್‌ನ ಎಲೆಟ್ರಾ, ಹ್ಯಾಂಬರ್ಗ್‌ನ ಡೆಸಿ ಜೊತೆ ಭಾರತದ ಒಪ್ಪಂದಗಳಿವೆ. ಮೊದಲನೆಯದರಲ್ಲಿ ಬೆಂಗಳೂರಿನ ಐಐಎಸ್‌ಸಿ, ಎರಡನೆಯದರಲ್ಲಿ ಜೆಎನ್‌ಸಿಎಎಸ್‌ಆರ್ ಓಡಾಡಿವೆ. ಬೀಮ್‌ಟೈಮ್ ಸಿಗಲು ತಿಂಗಳುಗಟ್ಟಲೆ ಕಾಯಬೇಕು, ಸಿಕ್ಕಾಗ ಕೆಲವೇ ದಿನ.

ಎಸ್‌ಟಿಎಂ, ಬೆಳಕು

ಎಸ್‌ಟಿಎಂಗೆ ಎರಡು ಅನುಕೂಲ. ಫರ್ಮಿ ಮಟ್ಟದ ಮೇಲೂ ಕೆಳಗೂ ಕಾಣುತ್ತದೆ, ಕಾಂತಕ್ಷೇತ್ರವನ್ನೂ ಹಾಕಬಹುದು. ಲ್ಯಾಂಡೌ ಮಟ್ಟಗಳು ಕ್ಷೇತ್ರದ ವರ್ಗಮೂಲದಂತೆ ಏರಿದರೆ ಬ್ಯಾಂಡ್ ನೇರ ಗೆರೆ ಅಂತ ಕಣ್ಣೆದುರೇ ಗೊತ್ತಾಗುತ್ತದೆ. ಕೋಬಾಲ್ಟ್-ಟಿನ್-ಸಲ್ಫರ್ ಸೇರಿದ ಮ್ಯಾಗ್ನೆಟಿಕ್ ವೈಲ್ ಹರಳಿನಲ್ಲಿ 2019ರಲ್ಲಿ ಒಂದು ಸೊಗಸಾದ ಸಂಗತಿ ಕಂಡಿತು. ಸೀಳು ಯಾವ ಪರಮಾಣುವಿನ ಪದರದಲ್ಲಿ ಬಿತ್ತು ಎಂಬುದರ ಮೇಲೆ ಯಾವ ನೋಡ್ ಯಾವುದಕ್ಕೆ ಜೋಡಿ ಎಂಬುದೇ ಬದಲಾಯಿತು. ಆರ್‌ಪೆಸ್‌ನ ಬೆಳಕಿನ ಚುಕ್ಕೆ ದೊಡ್ಡದು, ಇಂಥ ಪದರಗಳು ಬೆರೆತಿದ್ದರೆ ಸರಾಸರಿ ತೋರಿಸುತ್ತದೆ. ಎಸ್‌ಟಿಎಂ ಒಂದೊಂದನ್ನೂ ಬೇರೆ ಮಾಡುತ್ತದೆ. ಆದರೆ ಅದರ ಕ್ವಾಸಿಪಾರ್ಟಿಕಲ್ ಇಂಟರ್‌ಫರೆನ್ಸ್ ಚಿತ್ರವನ್ನು (ಎಲೆಕ್ಟ್ರಾನ್ ಅಲೆಗಳು ದೋಷಗಳಿಗೆ ತಾಗಿ ಚದುರಿ ಮೂಡಿಸುವ ಅಲೆಗಳ ಚಿತ್ರವನ್ನು) ಓದಲು ಲೆಕ್ಕದ ಊರುಗೋಲು ಬೇಕೇ ಬೇಕು. ಲೆಕ್ಕ ಅನುಮಾನವಾಗಿದ್ದರೆ ಚಿತ್ರವೂ ಅನುಮಾನ.

ಇನ್ಫ್ರಾರೆಡ್‌ನಲ್ಲಿ ಆಪ್ಟಿಕಲ್ ಕಂಡಕ್ಟಿವಿಟಿ ಫ್ರೀಕ್ವೆನ್ಸಿಗೆ ಅನುಪಾತವಾಗಿ ಏರಿದರೆ ಮೂರು ಆಯಾಮದ ಕೋನ್ ಅಂತ ಊಹಿಸಬಹುದು, ಊಹೆಯಷ್ಟೇ. ಸರ್ಕ್ಯುಲರ್ ಬೆಳಕಿನಿಂದ ಕರೆಂಟ್ ಹುಟ್ಟಿಸುವ ಪ್ರಯೋಗ ನೋಡಿನ ಚಾರ್ಜನ್ನೇ ಕೊಡಬಲ್ಲದು ಅಂತ ಥಿಯರಿ ಹೇಳುತ್ತದೆ. ಅದಕ್ಕೆ ಹರಳಿನಲ್ಲಿ ಕನ್ನಡಿ ಸಮ್ಮಿತಿಯೂ ಇರಬಾರದು. ರೋಡಿಯಮ್ ಸಿಲಿಸೈಡ್‌ನಂಥ ಕೈರಲ್ ಹರಳಿಗೆ ಸರಿ, ಟ್ಯಾಂಟಲಮ್ ಆರ್ಸೆನೈಡ್‌ಗೆ ಅಲ್ಲ.

ನಿಮ್ಮ ಕೈಯಲ್ಲಿರುವ ಹರಳಿಗೆ ಯಾವುದು

ಇನ್ವರ್ಷನ್ ಇಲ್ಲದ, ಚೆನ್ನಾಗಿ ಸೀಳುವ, ಸ್ಪಿನ್-ಆರ್ಬಿಟ್ ಜೋರಾಗಿರುವ ಹರಳಾದರೆ ಸೆಕೆಂಡ್ ಹಾರ್ಮೋನಿಕ್ ಮುಗಿಸಿ ನೇರ ಆರ್‌ಪೆಸ್‌ಗೆ ಹೋಗಿ. ಬೀಮ್‌ಟೈಮ್ ಬರುವವರೆಗೆ ಆಂದೋಲನ ಅಳೆದು ಫರ್ಮಿ ಮಟ್ಟ ಗೊತ್ತುಮಾಡಿಕೊಳ್ಳಿ. ಆ ಸಂಖ್ಯೆ ಅರ್ಜಿಯಲ್ಲೂ ಉಪಯೋಗಕ್ಕೆ ಬರುತ್ತದೆ.

ಸೀಳದ, ಆದರೆ ತುಂಬ ಶುದ್ಧವಾದ ಹರಳಾದರೆ ಆಂದೋಲನವೇ ಮುಖ್ಯ. ಆಕಾರ, ದ್ರವ್ಯರಾಶಿ, ಕೋನದ ಅವಲಂಬನೆ ಮೂರನ್ನೂ ಲೆಕ್ಕದ ಜೊತೆ ಕೂರಿಸಿ. ಬೆರ್ರಿ ಫೇಸ್ ಇದ್ದರೆ ಇರಲಿ, ಅದನ್ನೇ ಶೀರ್ಷಿಕೆ ಮಾಡಬೇಡಿ. ಹರಳು ಅಷ್ಟು ಶುದ್ಧವಿಲ್ಲ, ಆಂದೋಲನವೇ ಬರುತ್ತಿಲ್ಲ ಅಂದರೆ ರೆಸಿಸ್ಟೆನ್ಸ್ ಇಳಿಕೆಯನ್ನು ನೆಚ್ಚಿ ಪೇಪರ್ ಬರೆಯುವುದಕ್ಕಿಂತ ಇನ್ನೊಂದು ಬ್ಯಾಚ್ ಬೆಳೆಸುವುದು ಮೇಲು.

ಮ್ಯಾಗ್ನೆಟಿಕ್ ಹರಳಾದರೆ ಕ್ಯೂರಿ ಉಷ್ಣತೆಯ (ಹರಳು ಮ್ಯಾಗ್ನೆಟಿಸಂ ಕಳೆದುಕೊಳ್ಳುವ ಉಷ್ಣತೆಯ) ಮೇಲೂ ಕೆಳಗೂ ಅಳೆಯಿರಿ. ಕೋಬಾಲ್ಟ್-ಟಿನ್-ಸಲ್ಫರ್ ಹರಳಿಗೆ ಅದು ಸುಮಾರು 177 ಕೆಲ್ವಿನ್. ಇನ್ವರ್ಷನ್ ಇರುವ ಆ ಹರಳಿನಲ್ಲಿ ನೋಡುಗಳು ಮ್ಯಾಗ್ನೆಟಿಸಂನಿಂದ ಹುಟ್ಟಿದ್ದೇ ಆದರೆ ಅದರ ಮೇಲೆ ಅವು ಇರಬಾರದು. ಬೇರೆ ಹರಳುಗಳಿಗೆ ಸಿಗದ ಆನ್-ಆಫ್ ಸ್ವಿಚ್ ಇದು, ಬಳಸಿಕೊಳ್ಳಿ.

ಗಾಳಿ ತಾಗಿದರೆ ಕೆಡುವ ಹರಳು, ಸೋಡಿಯಮ್ ಬಿಸ್ಮಥೈಡ್ ತರಹದ್ದು, ಇದ್ದರೆ ಗ್ಲೋವ್‌ಬಾಕ್ಸಿನಿಂದ ನಿರ್ವಾತಕ್ಕೆ ಸಾಗಿಸುವ ಡಬ್ಬಿ ಮೊದಲು ಹೊಂದಿಸಿ, ಪ್ರಯೋಗದ ಆಯ್ಕೆ ಆಮೇಲೆ. ಇನ್ನು ಫರ್ಮಿ ಮಟ್ಟ ನೋಡಿನಿಂದ 100 ಮಿಲಿ ಎಲೆಕ್ಟ್ರಾನ್ ವೋಲ್ಟ್ ಆಚೆ ಇದ್ದರೆ ಟ್ರಾನ್ಸ್‌ಪೋರ್ಟ್ ಅಳತೆಯಲ್ಲಿ (ಕರೆಂಟ್ ಹರಿಸಿ ಮಾಡುವ ಅಳತೆಯಲ್ಲಿ) ನೋಡಿನ ಸುಳಿವು ಹುಡುಕುವುದನ್ನು ಬಿಟ್ಟುಬಿಡಿ. ನೋಡ್ ಕೆಳಗಿದ್ದರೆ ಆರ್‌ಪೆಸ್ ಹಾಗೇ ನೋಡಬಲ್ಲದು. ಮೇಲಿದ್ದರೆ ಮೇಲ್ಮೈಗೆ ಪೊಟಾಸಿಯಮ್ ಸಿಂಪಡಿಸಿ ಮಟ್ಟ ಏರಿಸಿ ನೋಡಬೇಕು, ಇಲ್ಲವೇ ಪಂಪ್-ಪ್ರೋಬ್ ಲೇಸರ್ (ಒಂದು ಪಲ್ಸಿನಿಂದ ಎಲೆಕ್ಟ್ರಾನನ್ನು ಮೇಲೇರಿಸಿ ಇನ್ನೊಂದರಿಂದ ನೋಡುವುದು) ಇರುವವರನ್ನು ಹುಡುಕಬೇಕು. ಅದೂ ಆಗದಿದ್ದರೆ ಹರಳು ಬೆಳೆಸುವವರ ಜೊತೆ ಕೂತು, ಯಾವ ಮೂಲಧಾತು ಸ್ವಲ್ಪ ಜಾಸ್ತಿ ಹಾಕಿದರೆ ಮಟ್ಟ ಯಾವ ಕಡೆ ಸರಿಯುತ್ತದೆ ಅಂತ ಕೇಳಿ ಹೊಸ ಬ್ಯಾಚ್ ಕುಲುಮೆಗೆ ಇಡಿಸಿ.